7 ಲಕ್ಷ ವರಹದ ಲೆಕ್ಕ

ಕಳೆದ ದೀಪಾವಳಿಯ ಮಾರನೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿ ಮುಗಿಸಿದ ಮರುವರ್ಷವೇ ಸೈನ್ಯಕ್ಕೆ ಸೇರಿ, ಸುಬೇದಾರನಾಗಿ ನಿವೃತ್ತನಾದವನು. ಬಹುಕಾಲ ಕಚೇರಿಯ ಕಡೆಯ ಕೆಲಸ, ಎಂದರೆ ಪಡಿ, ಬಟ್ಟೆ, ಬೂಟು, ಪೆಟ್ರೋಲು ಇವುಗಳ ಲೆಕ್ಕ ನೋಡಿಕೊಂಡವನು. ಕಾಫಿ ಕುಡಿಯುತ್ತಾ ಥಟ್ಟನೆ ಕೇಳಿದ: "ಸಾರ್, ಸಹಾಯಕ ಸೈನ್ಯ ಪದ್ಧತಿ ಅಂತ ನಾಲ್ಕು ಷರತ್ತು ಬರೆಸಿದ್ರಲ್ಲ, ನಾಲ್ಕು ಮಾರ್ಕಿಗೆ. ಮೈಸೂರಿನವರು ಆ ಸೈನ್ಯಕ್ಕೆ ದುಡ್ಡೆಷ್ಟು ಕೊಡ್ತಿದ್ರು ಅಂತ ನೀವು ಹೇಳ್ಲೇ ಇಲ್ಲ."

ನಾನು ನಿರುತ್ತರನಾದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆ ಪಾಠವನ್ನು ಮಾಡಿದ್ದೇನೆ. ವೆಲ್ಲೆಸ್ಲಿ, 1799, ಷರತ್ತುಗಳು, ಪರಿಣಾಮಗಳು ಎಂದು ಕಪ್ಪುಹಲಗೆಯ ಮೇಲೆ ಬರೆದದ್ದೇ ಬರೆದದ್ದು. ಹಣದ ಮೊತ್ತವನ್ನು ಒಮ್ಮೆಯೂ ಬರೆದಿರಲಿಲ್ಲ. ಯುದ್ಧವನ್ನು ಕತ್ತಿ, ಕುದುರೆ, ದಿನಾಂಕಗಳಿಂದ ಕಲಿಸಿದೆನೇ ಹೊರತು, ಆ ಕುದುರೆಗೆ ಹುರುಳಿ ಕೊಟ್ಟವರು ಯಾರು ಎಂದು ಕೇಳಲಿಲ್ಲ. ತಡವಾಗಿಯಾದರೂ ಈ ಪಾಠವನ್ನು ಇಲ್ಲಿ ಪೂರ್ತಿಮಾಡುತ್ತಿದ್ದೇನೆ. ನನ್ನ ತರಗತಿಗಳಲ್ಲಿ ಕುಳಿತಿದ್ದವರು ಇದನ್ನು ಬಾಕಿ ಉಳಿದ ಪಾಠವೆಂದೇ ತಿಳಿಯಬೇಕು.

ನಮ್ಮ ಬೇತಮಂಗಲದ ಸುತ್ತಲಿನ ಊರುಗಳಲ್ಲಿ, ಇಡೀ ಕೋಲಾರ ಜಿಲ್ಲೆಯಲ್ಲಿಯೇ, ವೀರಗಲ್ಲುಗಳಿಗೆ ಬರವಿಲ್ಲ. ತುರು ಹಿಡಿದವರೊಡನೆ ಹೋರಾಡಿ ಮಡಿದವರು, ಊರಳಿವಿನಲ್ಲಿ ಸತ್ತವರು, ಒಡೆಯನ ಪರವಾಗಿ ಕಾದಿ ಬಿದ್ದವರು ಇವರೆಲ್ಲರ ಕಲ್ಲುಗಳು ಗಂಗರ, ನೊಳಂಬರ, ಬಾಣರ ಕಾಲದಿಂದಲೂ ಇವೆ. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ನಮ್ಮ ಜಿಲ್ಲೆಯದು; ಅದನ್ನು ತೆರೆದರೆ ಇವು ಸಾಲುಸಾಲಾಗಿ ದೊರೆಯುತ್ತವೆ. ಇಂಥ ಶಾಸನಗಳಲ್ಲಿ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಮಾತುಗಳು ಬರುತ್ತವೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ಅದು. ಕತ್ತಿ ತೊಳೆದುದಕ್ಕೆ ಬಾಳ್ಗಳ್ಚು, ರಕ್ತ ಸುರಿಸಿದುದಕ್ಕೆ ನೆತ್ತರುಗೊಡಗೆ. ಆ ಕಾಲದ ಅರಸನ ಬೊಕ್ಕಸದಲ್ಲಿ ನಗದು ಕಡಿಮೆ, ಭೂಮಿ ಹೆಚ್ಚು. ಆದುದರಿಂದ ಸೈನ್ಯದ ವೆಚ್ಚವು ಗದ್ದೆಯ ರೂಪದಲ್ಲಿ, ಕೆರೆಯ ಕೆಳಗಿನ ಮಣ್ಣಿನ ರೂಪದಲ್ಲಿ ನಡೆಯುತ್ತಿತ್ತು. ಸಂಬಳಕ್ಕಿಂತ ಮೊದಲು ನಮ್ಮಲ್ಲಿ ಹುಟ್ಟಿದ್ದು ಪಿಂಚಣಿ ಎಂದರೆ ತಪ್ಪಾಗಲಾರದೇನೋ.

ವಿಜಯನಗರದವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ನಾಯಕನಿಗೆ ಸೀಮೆಯೊಂದನ್ನು ಅಮರವಾಗಿ ಬಿಟ್ಟುಕೊಟ್ಟು, ಅದರ ಹುಟ್ಟುವಳಿಯಲ್ಲಿ ಇಂತಿಷ್ಟು ಕಾಲಾಳು, ಇಂತಿಷ್ಟು ಕುದುರೆ, ಇಂತಿಷ್ಟು ಆನೆ ಸಾಕಬೇಕೆಂದು ಗೊತ್ತುಮಾಡುವುದು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿರುವಂತೆ, ನಾಯಕರ ಒಟ್ಟು ಹುಟ್ಟುವಳಿ 120 ಲಕ್ಷ ವರಹ. ಅದರಲ್ಲಿ 60 ಲಕ್ಷ ಅರಸನಿಗೆ, ಉಳಿದದ್ದು ಸೈನ್ಯಕ್ಕೆ. ಅಂಕಿ ದೊಡ್ಡದಾಗಿರಬಹುದು, ತತ್ತ್ವ ಮಾತ್ರ ಸ್ಪಷ್ಟ. ನಮ್ಮ ಕಡೆ ಸುಗಟೂರಿನ ತಮ್ಮೇಗೌಡರ ಮನೆತನವು ಈ ಬಗೆಯದೇ. ಈ ವ್ಯವಸ್ಥೆಯ ದೋಷವನ್ನು ನಾನು ಹೇಳಬೇಕಾಗಿಲ್ಲ. ದುರ್ಬಲ ಅರಸ ಸಿಂಹಾಸನದ ಮೇಲೆ ಕುಳಿತ ದಿನ ನಾಯಕನು ಕುದುರೆಗಳನ್ನು ಕಡಿಮೆಮಾಡಿ ಹುಟ್ಟುವಳಿಯನ್ನು ಮಾತ್ರ ಉಳಿಸಿಕೊಳ್ಳುತ್ತಾನೆ.

ನಗದಿನ ಲೆಕ್ಕಕ್ಕೆ ಬಂದವರು ಚಿಕ್ಕದೇವರಾಜ ಒಡೆಯರು (1673-1704). ದಿನಕ್ಕೆ ಎರಡು ಚೀಲ ವರಹಗಳು ಬೊಕ್ಕಸಕ್ಕೆ ಸೇರಿದ ಮೇಲೆಯೇ ಅವರು ಊಟಕ್ಕೆ ಕೂರುತ್ತಿದ್ದರೆಂಬ ಪ್ರತೀತಿಯಿದೆ. ನವಕೋಟಿ ನಾರಾಯಣ ಎಂಬ ಹೆಸರು ಬಂದದ್ದೂ ಹಾಗೆಯೇ. ಔರಂಗಜೇಬನಲ್ಲಿಗೆ ಕಳುಹಿಸಿದ್ದ ನಿಯೋಗ ಹಿಂದಿರುಗಿದ ಮೇಲೆ ಆಡಳಿತವನ್ನು ಅಠಾರಾ ಕಚೇರಿ, ಎಂದರೆ ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಸೈನ್ಯದ ಜಮಾಖರ್ಚು ಅರಮನೆಯ ಜಮಾಖರ್ಚಿನಿಂದ ಬೇರೆಯಾಗಿ ನಿಂತದ್ದು ಇಲ್ಲಿಂದ. ಹಳ್ಳಿಹಳ್ಳಿಯ ಕಾವಲಿನ ಕಂದಾಚಾರದವರಿಗೆ ಒಂದು ಲೆಕ್ಕ, ಕುದುರೆಗೆ ಒಂದು ಲೆಕ್ಕ. ಬೆಣ್ಣೆ ಚಾವಡಿ ಎಂಬ ಹೆಸರನ್ನು ನೀವು ಕೇಳಿರಬಹುದು. ಹೆಸರು ಹಾಲುಬೆಣ್ಣೆಯದಾದರೂ ಇದಕ್ಕೂ ಯುದ್ಧಕ್ಕೂ ಎಂಥ ನಂಟು ಬೆಳೆಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೆ ಬರೋಣ. ಅಲ್ಲಿ ಹುಟ್ಟಿದ ಹೈದರನಿಗೆ ಓದುಬರಹ ಬರುತ್ತಿರಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಲೆಕ್ಕ ಬರುತ್ತಿತ್ತು! ಬಾಯಿಲೆಕ್ಕದಲ್ಲಿ ಆತನನ್ನು ಮೀರಿಸುವ ಗುಮಾಸ್ತರು ವಿರಳವಂತೆ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿದ್ದಾಗ ಆತನು ಮೈಸೂರಿನ ಬೊಕ್ಕಸಕ್ಕೆ ಟೋಪಿ ಹಾಕಿದ ಬಗೆಯನ್ನು ವಿಲ್ಕ್ಸ್ ತನ್ನ ಇತಿಹಾಸದಲ್ಲಿ ರಸವತ್ತಾಗಿ ವರ್ಣಿಸಿದ್ದಾನೆ. ಒಂದು ಕಾಳಗದಲ್ಲಿ ನಿಜವಾಗಿ ಗಾಯಗೊಂಡವರು 67 ಮಂದಿ. ಗಾಯಾಳುಗಳ ಭತ್ಯ ಕೊಡಲು ರಾಜಧಾನಿಯಿಂದ ಅಧಿಕಾರಿ ಬಂದಾಗ, ಅರಿಸಿನದಲ್ಲಿ ಅದ್ದಿದ ಬಟ್ಟೆಯನ್ನು ಕೈಕಾಲಿಗೆ ಸುತ್ತಿಕೊಂಡು ನರಳುತ್ತ ಮಲಗಿದ್ದವರು 700 ಮಂದಿ! ಎಣಿಕೆಯ ದಿನವೂ ಅಷ್ಟೇ. ಒಮ್ಮೆ ಎಣಿಸಿಕೊಂಡವರೇ ಸುತ್ತುಹಾಕಿಕೊಂಡು ಬಂದು ಮತ್ತೊಮ್ಮೆ ಎಣಿಸಿಕೊಳ್ಳುತ್ತಿದ್ದರು. ಇದೆಲ್ಲದರ ಹಿಂದೆ ಲೆಕ್ಕದ ಬ್ರಾಹ್ಮಣ ಖಂಡೇರಾಯನ ಕೈಚಳಕವಿತ್ತು. ವಿಲ್ಕ್ಸ್ ಹೈದರನ ಶತ್ರುಪಕ್ಷದವನು, ಉಪ್ಪುಕಾರ ಹೆಚ್ಚಿಸಿರಲೂಬಹುದು. ಆದರೆ ಕಥೆಯಲ್ಲಿ ಅಸಾಧ್ಯವಾದದ್ದೇನೂ ಇಲ್ಲ. ಹಾಜರಿ ಪುಸ್ತಕ ನೋಡಿದ ಯಾವ ಮೇಷ್ಟರೂ ಇದನ್ನು ನಂಬುತ್ತಾನೆ.

1758ರಲ್ಲಿ ಮೈಸೂರಿನ ಸೈನಿಕರು ಸಂಬಳದ ಬಾಕಿಗಾಗಿ ದಳವಾಯಿ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಮನೆಯೊಳಕ್ಕೆ ಅನ್ನನೀರು ಹೋಗದಂತೆ ತಡೆದರು. ಹಿಂದಿನ ವರ್ಷವಷ್ಟೇ ಪೇಶ್ವೆ ಬಾಲಾಜಿರಾಯನಿಗೆ ಒಪ್ಪಿಕೊಂಡಿದ್ದ ದಂಡದಿಂದ ಬೊಕ್ಕಸ ಬರಿದಾಗಿತ್ತು. ಹೈದರನು ಬಂದು ಅಲ್ಲಿಇಲ್ಲಿ ಹಣ ಹೊಂದಿಸಿ ಬಾಕಿ ತೀರಿಸಿದನು. ಆ ದಿನದಿಂದ ಸೈನ್ಯವು ಆತನದಾಯಿತು. ನಾವು ಪಾಠದಲ್ಲಿ "ಹೈದರನು ಅಧಿಕಾರವನ್ನು ವಶಪಡಿಸಿಕೊಂಡನು" ಎಂದು ಒಂದು ವಾಕ್ಯ ಬರೆಸುತ್ತೇವೆ. ಕೊಂಡುಕೊಂಡನು ಎಂದು ಬರೆಸಿದ್ದರೆ ಹೆಚ್ಚು ಸರಿಯಾಗುತ್ತಿತ್ತು.

ಆತನ ಸಾವಿನಲ್ಲಿಯೂ ಖಜಾನೆಯ ಛಾಯೆಯಿದೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹಬ್ಬಿದರೆ ಸೈನ್ಯ ಚದುರೀತೆಂದು ಪೂರ್ಣಯ್ಯ ಮತ್ತು ಖಜಾನೆಯ ಕೃಷ್ಣರಾಯರು ಸುಗಂಧದ ಪುಡಿ ತುಂಬಿದ ದೊಡ್ಡ ಪೆಟ್ಟಿಗೆಯೊಂದರಲ್ಲಿ ದೇಹವನ್ನಿಟ್ಟು, ಬೆಲೆಬಾಳುವ ಸೊತ್ತು ಸಾಗಿಸುವವರಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ತಂದೆಯ ಗೋರಿಯಿರುವ ಮಕಬರದಲ್ಲಿ ಕೆಲಕಾಲವಿದ್ದು, ಬಳಿಕ ಆ ದೇಹ ಶ್ರೀರಂಗಪಟ್ಟಣ ಸೇರಿತು. ಕೋಲಾರದ ಮಕಬರಕ್ಕೆ ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಈ ಪೆಟ್ಟಿಗೆಯ ಕಥೆ ಹೇಳಿದ್ದು ನಿಮಗೆ ನೆನಪಿರಬಹುದು.

ಈಗ ಬೆಣ್ಣೆ ಚಾವಡಿ. ಅರಮನೆಗೆ ಹಾಲುಬೆಣ್ಣೆ ಒದಗಿಸಲೆಂದು ಇದ್ದ ದನದ ಹಿಂಡುಗಳನ್ನು ಹೈದರನು ಬೆಳೆಸಿ ಅವುಗಳ ಎತ್ತುಗಳನ್ನು ತೋಪು ಎಳೆಯಲು ಹಚ್ಚಿದನು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಹಿಂಡುಗಳಿಗೆಂದೇ ಕಾವಲುಗಳು, ಎಂದರೆ ಮೀಸಲು ಹುಲ್ಲುಗಾವಲುಗಳು. ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು. ಕರು ಹುಟ್ಟಿದಂದಿನಿಂದ ಎತ್ತಾಗಿ ತೋಪಿಗೆ ಹೂಡುವವರೆಗೆ ವರ್ಷಗಳ ಲೆಕ್ಕ. ಇಂದು ಯಾರಾದರೂ ಸೈನ್ಯದ ದೀರ್ಘಾವಧಿ ಯೋಜನೆಯೆಂದರೆ ನನಗೆ ಕಾಣುವುದು ಈ ಕಾವಲುಗಳೇ. ಇಂದು ಬಿಟ್ಟ ಹುಲ್ಲು ಐದಾರು ವರ್ಷದ ಮೇಲೆ ತೋಪನ್ನು ಎಳೆಯುತ್ತದೆ. ಹೈದರನ ಸೈನ್ಯವು ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರವನ್ನು ತಲುಪಿದ್ದು ಈ ಎತ್ತುಗಳಿಂದ ಎಂದು ಗ್ಯಾಸೆಟಿಯರು ಹೇಳುತ್ತದೆ.

1799ರ ಮೇಲೆ ಹಿಂಡು ಅರಸರ ಕಡೆಯವರ ವಶದಲ್ಲಿದ್ದು ಕ್ಷೀಣಿಸಿತು. 1813ರಲ್ಲಿ ಮದರಾಸು ಸೈನ್ಯದವರು ವಹಿಸಿಕೊಂಡು ಮತ್ತೆ ಸುಸ್ಥಿತಿಗೆ ತಂದರು. 1860ರಲ್ಲಿ ಉಳಿತಾಯದ ಗಾಳಿ ಬೀಸಿತು. ಈ ಇಲಾಖೆ ಅನಗತ್ಯವೆಂದು ತೀರ್ಮಾನಿಸಿ ಹಿಂಡುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ತಪ್ಪು ಅರಿವಾಗಿ, 1866ರಲ್ಲಿ ಮತ್ತೆ ದನಗಳನ್ನು ಹುಡುಕಿಹುಡುಕಿ ಕೊಂಡು ಇಲಾಖೆಯನ್ನು ಕಟ್ಟಬೇಕಾಯಿತು. ಮಾರಿದ್ದು ಒಂದು ಷರಾ ಬರೆದು, ಕಟ್ಟಿದ್ದು ವರ್ಷಗಟ್ಟಲೆ. ಇದನ್ನು ನನ್ನ ಸುಬೇದಾರನಿಗೆ ಹೇಳಿದಾಗ ಆತ ಜೋರಾಗಿ ನಕ್ಕ. "ಈಗಲೂ ಹಂಗೇ ಸಾರ್" ಎಂದ. ವಿವರ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಆತನ ಪ್ರಶ್ನೆಗೆ ಬರುತ್ತೇನೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಮೇಲೆ ಬಿದ್ದ ದಂಡ 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಅರ್ಧ ರಾಜ್ಯ. ಅದು ಒಮ್ಮೆಯ ಪೆಟ್ಟು. 1799ರ ಜುಲೈ 8ರ ಒಪ್ಪಂದದಲ್ಲಿ ಮೈಸೂರಿನ ಮೇಲೆ ಬಿದ್ದದ್ದು ಪ್ರತಿವರ್ಷದ್ದು: 7 ಲಕ್ಷ ಸ್ಟಾರ್ ಪಗೋಡ, ಎಂದರೆ ಮದರಾಸಿನ ವರಹ. ವರಹಕ್ಕೆ ಮೂರೂವರೆ ರೂಪಾಯಿಯಂತೆ 24 ಲಕ್ಷ 50 ಸಾವಿರ ರೂಪಾಯಿ. ತಿಂಗಳ ಕಂತುಗಳಲ್ಲಿ ಕೊಡತಕ್ಕದ್ದು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಹಣ ನಿಲ್ಲುವ ಭಯವಿದ್ದರೆ ರಾಜ್ಯದ ಆಡಳಿತವನ್ನೇ ಕಂಪನಿ ವಹಿಸಿಕೊಳ್ಳಬಹುದೆಂಬುದು ನಾಲ್ಕನೆಯ ವಿಧಿ. ಯುದ್ಧ ಬಂದರೆ ಇದರ ಮೇಲೆ "ನ್ಯಾಯವಾದ" ಹೆಚ್ಚಿನ ಪಾಲು ಬೇರೆ. ಎಷ್ಟೆಂದು ಬರೆದಿರಲಿಲ್ಲ. ಅಳತೆಯಿಲ್ಲದ ಸಾಲಕ್ಕಿಂತ ಭಯಂಕರವಾದದ್ದು ಯಾವುದಿದೆ? 1807ರ ಒಪ್ಪಂದದಲ್ಲಿ ಆ ಅಳತೆಯಿಲ್ಲದ ಬಾಧ್ಯತೆ ಹೋಗಿ, ಬದಲಿಗೆ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದಾಯಿತು. ದಿವಾನ್ ಪೂರ್ಣಯ್ಯನವರ ಕಾಲದ ಒಪ್ಪಂದವಿದು. ಹೈದರ, ಟಿಪ್ಪು ಇಬ್ಬರ ಲೆಕ್ಕವನ್ನೂ ನೋಡಿದ್ದ ಪೂರ್ಣಯ್ಯನವರಿಗೆ ಅಂಕಿಯಿಲ್ಲದ ಮಾತಿನ ಅಪಾಯ ಚೆನ್ನಾಗಿ ತಿಳಿದಿತ್ತು.

ಈ ಸವಾರರು ಸಿಲ್ಲೇದಾರರು. ಕುದುರೆ ಅವರದ್ದೇ, ಆಯುಧವೂ ಅವರದ್ದೇ. ಸರ್ಕಾರ ತಿಂಗಳಿಗೆ ಗೊತ್ತಾದ ಮೊತ್ತ ಕೊಡುತ್ತದೆ. ಸರ್ಕಾರಕ್ಕೆ ಲಾಯದ ಖರ್ಚಿಲ್ಲ, ವೈದ್ಯನ ಖರ್ಚಿಲ್ಲ. ನೋಡಲು ಬಹು ಅಗ್ಗ. ಆದರೆ ಕುದುರೆ ಸತ್ತರೆ ಸವಾರನ ಬದುಕೇ ಹೋಯಿತು. ಅಂಥವನು ತೋಪಿನ ಬಾಯಿಗೆ ಕುದುರೆಯನ್ನು ನುಗ್ಗಿಸುವುದು ಹೇಗೆ? ಸಂಬಳ ನಿಂತರೆ ಮನುಷ್ಯನೂ ಉಪವಾಸ, ಕುದುರೆಯೂ ಉಪವಾಸ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸವಾರರ ಸಂಬಳ ತಿಂಗಳುಗಟ್ಟಲೆ ಬಾಕಿ ನಿಂತಿತು. ನಗರದ ದಂಗೆಯಾದ ಮೇಲೆ, 1831ರಲ್ಲಿ ಬೆಂಟಿಂಕನು ಅದೇ ನಾಲ್ಕನೆಯ ವಿಧಿಯನ್ನು ಹಿಡಿದು ಆಡಳಿತವನ್ನು ಕಿತ್ತುಕೊಂಡನು. 50 ವರ್ಷ ಮೈಸೂರು ಕಮಿಷನರುಗಳ ಕೈಯಲ್ಲಿತ್ತು. ಅವರಲ್ಲೊಬ್ಬ ಬೌರಿಂಗ್, ಬೌರಿಂಗ್‌ಪೇಟೆಯಾಗಿ ನಮ್ಮ ಬಂಗಾರಪೇಟೆಗೆ ಅಂಟಿಕೊಂಡದ್ದು ಆತನ ಹೆಸರೇ. 1864ರಲ್ಲಿ ರೈಲು ಬಂದ ಮೇಲೆ ವ್ಯಾಪಾರವೆಲ್ಲ ಆ ಕಡೆ ತಿರುಗಿ, ಒಂದು ಕಾಲಕ್ಕೆ ತಾಲ್ಲೂಕು ಕಚೇರಿಯಿದ್ದ ನಮ್ಮ ಬೇತಮಂಗಲ ಸೊರಗಿತು. ಇದು ನಮ್ಮೂರಿನವರು ಮರೆಯದ ದುಃಖ. ಇಲ್ಲಿ ಬೆಳೆಸುವುದು ಬೇಡ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮುತ್ತಜ್ಜನವರ ಕಾಲದವರೆಗೆ ನಮ್ಮ ಮನೆಯಲ್ಲಿ ಶಾನುಭೋಗಿಕೆಯಿತ್ತು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಸಿ ಮಾಡಿದ ಕಡತಗಳ ಒಂದು ಗಂಟು ಅಟ್ಟದ ಮೇಲಿತ್ತು. "ಅದು ಕುದುರೆಯವರಿಗೆ ಕೊಟ್ಟ ಹುರುಳಿ ಲೆಕ್ಕ ಕಣೋ, ಮುಟ್ಟಬೇಡ" ಎಂದು ಅಜ್ಜಿ ಹೇಳುತ್ತಿದ್ದರು. ಅಕ್ಕನ ಮದುವೆಗೆ ಮನೆಗೆ ಸುಣ್ಣ ಹೊಡೆಸುವಾಗ, ಬಿ.ಎ. ಓದುತ್ತಿದ್ದ ನಾನು, ಇತಿಹಾಸವೇ ನನ್ನ ಐಚ್ಛಿಕ ವಿಷಯ, ಗೆದ್ದಲು ಹತ್ತಿದೆಯೆಂದು ಆ ಗಂಟನ್ನು ಬಚ್ಚಲೊಲೆಗೆ ಹಾಕಿದೆ. ಹಂಡೆಯ ನೀರು ಕಾಯಿತು. ಯಾವ ಊರಿನ ಹುರುಳಿ, ಎಷ್ಟು ಕೊಳಗ, ಹಣ ಕೊಟ್ಟರೋ ಬರಿಯ ಚೀಟಿ ಕೊಟ್ಟರೋ ಎಲ್ಲವೂ ಅದರಲ್ಲಿದ್ದಿರಬೇಕು. ಅಜ್ಜಿ ಬೈಯಲಿಲ್ಲ, ಎರಡು ದಿನ ನನ್ನೊಡನೆ ಮಾತನಾಡಲಿಲ್ಲ, ಅಷ್ಟೆ. ಲಂಡನ್ನಿನಲ್ಲಿ ಕಂಪನಿಯ ಕಾಗದಗಳು ಇಂದಿಗೂ ಭದ್ರವಾಗಿವೆ. ಸೈನ್ಯ ಎಷ್ಟು ಪಡೆಯಿತೆಂಬುದು ಅಲ್ಲಿ ಸಿಗುತ್ತದೆ. ರೈತ ಎಷ್ಟು ಕೊಟ್ಟನೆಂಬುದಕ್ಕೆ ನಮ್ಮ ಮನೆಯಲ್ಲಿದ್ದ ಸಾಕ್ಷಿಯನ್ನು ನಾನೇ ಸುಟ್ಟೆ.

1881ರ ಮಾರ್ಚ್ 25ರಂದು ರಾಜ್ಯ ಹಿಂದಿರುಗಿ ಬಂದಿತು, ಆದರೆ ಕಪ್ಪ ಹೆಚ್ಚಿತು. 24.5 ಲಕ್ಷವಿದ್ದದ್ದು 35 ಲಕ್ಷವಾಯಿತು. ಆಗ ಸಂಸ್ಥಾನದ ವರಮಾನವೇ ಸುಮಾರು 1 ಕೋಟಿ. 1876-78ರ ಬರದಿಂದ ತಲೆಯ ಮೇಲೆ 80 ಲಕ್ಷದ ಸಾಲ. ಹೆಚ್ಚಿನ 10.5 ಲಕ್ಷವನ್ನು ಬರದ ಕಾರಣದಿಂದ ಮೊದಲು ಐದು ವರ್ಷ, ಅನಂತರ ಇನ್ನೂ ಹತ್ತು ವರ್ಷ ಮುಂದೂಡಿದರು. 1896ರಿಂದ ಪೂರ್ತಿ 35 ಲಕ್ಷ ಸಲ್ಲತೊಡಗಿತು. ದೇಶೀ ಸಂಸ್ಥಾನಗಳಲ್ಲೆಲ್ಲ ಅತ್ಯಂತ ಹೆಚ್ಚು ಕಪ್ಪ ಕೊಡುತ್ತಿದ್ದುದು ಮೈಸೂರು. ದಸರೆಯಲ್ಲಿ ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ಆಯವ್ಯಯ ಓದುವಾಗ ಈ ಒಂದು ಬಾಬಿನ ಬಗ್ಗೆ ಯಾವ ಪ್ರತಿನಿಧಿಯೂ ಏನನ್ನೂ ಮಾಡುವಂತಿರಲಿಲ್ಲ.

ಇಷ್ಟು ಹಣ ಬಂದದ್ದೆಲ್ಲಿಂದ? ಇಲ್ಲಿ ನಮ್ಮ ಗಣಿಯ ಪ್ರವೇಶ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದು, ಕೆಲವೇ ವರ್ಷಗಳಲ್ಲಿ ಚಾಂಪಿಯನ್ ಪದರ ಸಿಕ್ಕಿ, ಕೋಲಾರದ ಚಿನ್ನ ಹೊರಬರತೊಡಗಿತು. ಸಂಸ್ಥಾನಕ್ಕೆ ಚಿನ್ನದ ಬೆಲೆಯಲ್ಲಿ ನೂರಕ್ಕೆ 5ರಂತೆ ರಾಜಧನ. ಬನ್ನಿ, ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. 1905ರ ಸುಮಾರಿಗೆ ವರ್ಷಕ್ಕೆ 6 ಲಕ್ಷ ಔನ್ಸ್ ಎಂದಿಟ್ಟುಕೊಳ್ಳಿ. ಔನ್ಸಿಗೆ ಸುಮಾರು 4 ಪೌಂಡ್, ಪೌಂಡಿಗೆ 15 ರೂಪಾಯಿ. 3 ಕೋಟಿ 60 ಲಕ್ಷ ರೂಪಾಯಿಯ ಚಿನ್ನ. ನೂರಕ್ಕೆ ಐದೆಂದರೆ 18 ಲಕ್ಷ. 35 ಲಕ್ಷದ ಕಪ್ಪದಲ್ಲಿ ಅರ್ಧ! ನೂರಕ್ಕೆ 95 ಕಂಪನಿಗಳಿಗೆ. ನಮಗೆ ಬಂದ ಐದು ಪಾಲಿನ ಸುಮಾರು ಎರಡರಷ್ಟು ಹಣ ಬ್ರಿಟಿಷ್ ಸೈನ್ಯದ ಹೆಸರಿನಲ್ಲಿ ಹೊರಗೆ. ಗಣಿಯ ಆಳದಲ್ಲಿ ಧೂಳು ಕುಡಿದು ಎದೆ ಸವೆಸಿಕೊಂಡವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿ ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತ ಕುಳಿತಿರುತ್ತಿದ್ದರು. ಅವರಿಗೂ ಈ ಲೆಕ್ಕವನ್ನು ನಾನು ಹೇಳಲಿಲ್ಲ. ನಮ್ಮ ಬೇತಮಂಗಲದ ಕೆರೆಯೂ ಗಣಿಗೆ ನೀರು ಕೊಟ್ಟಿತು. ಪಾಲಾರಿನ ನೀರಿಗೂ ಈ ಜಮಾಖರ್ಚಿನಲ್ಲಿ ಒಂದು ಸಾಲು ಇರಬೇಕು.

ಕಪ್ಪದ ಮೇಲೆ ಬೇರೆ ಖರ್ಚೂ ಇತ್ತು. ಸಿಲ್ಲೇದಾರರಲ್ಲಿ ಒಂದು ಭಾಗ 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ಆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಗೆದ್ದವರು ಇವರೇ. 1914ರಲ್ಲಿ ಮಹಾರಾಜರು ಯುದ್ಧನಿಧಿಗೆ ಕೊಟ್ಟದ್ದು 50 ಲಕ್ಷ. ಕಪ್ಪ ಇಳಿಸಬೇಕೆಂದು ದಿವಾನರುಗಳು ಬರೆದುಬರೆದು ಸಾಕಾದ ಮೇಲೆ, ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1927ರಲ್ಲಿ ಇರ್ವಿನ್ ಪ್ರಭು ಬಂದಾಗ, ಮುಂದಿನ ಸಾಲಿನಿಂದ ಆ 10.5 ಲಕ್ಷವನ್ನು ಬಿಟ್ಟುಕೊಡುವುದಾಗಿ ಘೋಷಣೆಯಾಯಿತು. 128 ವರ್ಷದ ಮೇಲೆ ಮತ್ತೆ 24.5 ಲಕ್ಷಕ್ಕೇ ಬಂದು ನಿಂತೆವು.

ಮುಂದಿನದು ನಿಮಗೆ ಗೊತ್ತಿರುವ ಕಾಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದಾಗ ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹಾಕಿತು. ಒಂದು ವರ್ಷದ ಕಪ್ಪದಷ್ಟು ಹಣ, ಆದರೆ ಕಾರ್ಖಾನೆ ಇಲ್ಲಿಯೇ ಉಳಿಯಿತು. 1962ರ ಚೀನಾ ಯುದ್ಧದವರೆಗೆ ಸ್ವತಂತ್ರ ಭಾರತದ ರಕ್ಷಣಾ ವೆಚ್ಚವು ವರ್ಷದಿಂದ ವರ್ಷಕ್ಕೆ ಹೊಂದಿಸಿಕೊಂಡು ಹೋಗುವಂಥದ್ದು. ಸೋಲಿನ ಬಳಿಕ 1964-69ರ ಮೊದಲ ರಕ್ಷಣಾ ಪಂಚವಾರ್ಷಿಕ ಯೋಜನೆ ಬಂದಿತು. ಅದೇ ಕಾಲಕ್ಕೆ ಅಮೆರಿಕದಲ್ಲಿ ಮೋಟಾರು ಕಂಪನಿಯಿಂದ ಬಂದ ರಕ್ಷಣಾ ಸಚಿವ ಮ್ಯಾಕ್‌ನಮಾರ, "ಯಾವ ಇಲಾಖೆಗೆ ಎಷ್ಟು" ಎಂದು ಕೇಳುವುದನ್ನು ಬಿಟ್ಟು "ಯಾವ ಉದ್ದೇಶಕ್ಕೆ ಎಷ್ಟು, ಎಷ್ಟು ವರ್ಷಕ್ಕೆ" ಎಂದು ಕೇಳುವ ಪದ್ಧತಿ ತಂದಿದ್ದ. ನಮ್ಮಲ್ಲಿ ಯೋಜನೆ ಐದು ವರ್ಷದ್ದಾದರೂ ಹಣ ಮಾತ್ರ ಮಾರ್ಚ್ 31ಕ್ಕೆ ಸಾಯುವಂಥದ್ದು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಪ್ರತಿ ಮಾರ್ಚಿಯಲ್ಲೂ ಅನುದಾನ ಮುಗಿಸಲು ಸೀಮೆಸುಣ್ಣ ಕೊಳ್ಳುತ್ತಿದ್ದರು. ಬೀರು ತುಂಬ ಸೀಮೆಸುಣ್ಣ, ಭೂಪಟ ಮಾತ್ರ ಒಂದೂ ಇಲ್ಲ.

1964ರಲ್ಲಿಯೇ ಬಿ.ಇ.ಎಂ.ಎಲ್. ಹುಟ್ಟಿ, ಕೆ.ಜಿ.ಎಫ್.ನಲ್ಲಿ ಬುಲ್‌ಡೋಜರ್ ತಯಾರಿಕೆಗೆ ಕಾರ್ಖಾನೆಯಾಯಿತು. ಗಡಿಗೆ ರಸ್ತೆಯಿಲ್ಲದೆ ಪಟ್ಟ ಪಾಡು ಆಗ ಹಸಿಯಾಗಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಆ ಕಾರ್ಖಾನೆಯಿಂದ ಉರಿದಿದೆ. ಇದೇ ಮಣ್ಣಿನಿಂದ ಸೈನ್ಯದ ಹೆಸರಿನಲ್ಲಿ ಹಣ ಹೊರಗೆ ಹೋಗುತ್ತಿದ್ದ ಕಾಲ ಹೋಗಿ, ಸೈನ್ಯದ ಹಣ ಒಳಗೆ ಬಂದ ಕಾಲವದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯಿತು.

ಇದನ್ನೆಲ್ಲ ಹೇಳಿ ಮುಗಿಸುವಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಸುಬೇದಾರ ಎಲ್ಲವನ್ನೂ ಕೇಳಿ, "ಸಾರ್, ನಮ್ ಪೆನ್ಷನ್ನು ರಕ್ಷಣಾ ಬಜೆಟ್ಟಿನಲ್ಲಿ ಬೇರೆ ಬೇಡಿಕೆಯಾಗಿ ಬರುತ್ತೆ. ಸೇನೆಗೆ ಹೊಸ ಬಂದೂಕು ಕೊಳ್ಳೋಕೆ ದುಡ್ಡಿಲ್ಲ, ಪೆನ್ಷನ್ನೇ ತಿಂದುಹಾಕ್ತಿದೆ ಅಂತ ಟೀವಿಯಲ್ಲಿ ಅಂತಾರೆ. 2015ರಲ್ಲಿ ಸಮಾನ ಪಿಂಚಣಿ ಬಂದಾಗಿಂದ ಇದೇ ಮಾತು. ಕೇಳಿದಾಗ ನಾವೇನೋ ಕದ್ದೋರ ಥರ ಅನಿಸುತ್ತೆ" ಎಂದ. ಅವನ ದನಿ ತಗ್ಗಿತ್ತು. ನಾನು ಏನು ಹೇಳಲಿ? ಬಂದೂಕೂ ಬೇಕು, ಪಿಂಚಣಿಯೂ ಬೇಕು; ಎರಡಕ್ಕೂ ಮೂಲ ಒಂದೇ ಬೊಕ್ಕಸ.

ಊಟವಾದ ಮೇಲೆ, "ಆ ನೆತ್ತರುಗೊಡಗೆ ಕಲ್ಲು ಅಂದ್ರಲ್ಲ, ನೋಡೋಣ್ವಾ ಸಾರ್?" ಎಂದ. ಅವನ ಸ್ಕೂಟರಿನ ಹಿಂದೆ ಕುಳಿತು ಹೋದೆ. ಹೊಲದ ಬದುವಿನಲ್ಲಿ ಅರ್ಧ ಹೂತಿರುವ ವೀರಗಲ್ಲೊಂದನ್ನು ನಾನು ಹುಡುಗನಾಗಿದ್ದಾಗಿನಿಂದ ಬಲ್ಲೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಮೇಲಿನದರಲ್ಲಿ ಅಪ್ಸರೆಯರ ನಡುವೆ ವೀರ. ಅಕ್ಷರಗಳು ಎಣ್ಣೆ, ಅರಿಸಿನದ ಕೆಳಗೆ ಮುಚ್ಚಿಹೋಗಿ ಓದಲು ಬರಲಿಲ್ಲ. ಆ ಹೊಲದ ಯಜಮಾನಿ, ಎಂಬತ್ತು ದಾಟಿದ ಮುದುಕಿ, ಮೆಲ್ಲಗೆ ಹತ್ತಿರ ಬಂದು ಯಾರೆಂದು ವಿಚಾರಿಸಿದಳು. ಆ ಕಲ್ಲಿಗೆ ವರ್ಷಕ್ಕೊಮ್ಮೆ ಪೂಜೆಯಂತೆ. ಏಕೆ ಎಂದು ಕೇಳಿದರೆ, "ಈ ಹೊಲ ಅವನದ್ದೇ ಅಲ್ವೇನಪ್ಪಾ, ನಾವು ಉಳ್ತೀವಿ ಅಷ್ಟೆ" ಎಂದಳು. ಸುಬೇದಾರ ಚಪ್ಪಲಿ ಬಿಟ್ಟು, ಕಲ್ಲಿನ ಮುಂದೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಮುದುಕಿಗೆ ನಗು ಬಂತು.